ಹದಿನೆಂಟು ತುಂಬುವ ವರ್ಷ: ಯುದ್ಧದ ನಡುವೆ ಶಾಲೆ ಮುಗಿಸಿದವರು

(ಒಂದು ಸಂಜೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಸುತ್ತುಬಳಸನ್ನು ಕಡಿಮೆ ಮಾಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1942ರ ನವೆಂಬರ್ 13ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವ ವಯಸ್ಸು ಅಲ್ಲಿಯವರೆಗೆ 20 ಇತ್ತು, ಅದು 18ಕ್ಕೆ ಇಳಿಯಿತು. ಆ ಕಾನೂನಿನೊಳಗೆ ಒಂದು ಸಣ್ಣ ಕಲಂ ಇತ್ತು. ಹೈಸ್ಕೂಲಿನಲ್ಲಿ ಓದುತ್ತಿರುವ 18–19ರ ಹುಡುಗನಿಗೆ ಶಾಲಾ ವರ್ಷದ ಎರಡನೇ ಅರ್ಧದಲ್ಲಿ ಕರೆ ಬಂದರೆ, ಅವನು ಕೇಳಿಕೊಂಡರೆ, ವರ್ಷ ಮುಗಿಯುವ ತನಕ ಮುಂದೂಡಬೇಕು. ಮೊದಲ ಅರ್ಧದಲ್ಲೇ ಬಂದರೆ? ಅವನಿಗೆ ಈ ಕಲಂ ಸಿಗುವುದಿಲ್ಲ.

ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳೆಯರನ್ನು ನೆನೆಸಿಕೊಳ್ಳಿ. ಒಬ್ಬನಿಗೆ ಸೆಪ್ಟೆಂಬರಿನಲ್ಲಿ 18 ತುಂಬುತ್ತದೆ, ಇನ್ನೊಬ್ಬನಿಗೆ ಮಾರ್ಚಿನಲ್ಲಿ. ಮೊದಲನೆಯವನಿಗೆ ಡಿಸೆಂಬರಿನಲ್ಲೇ ಪತ್ರ ಬಂದರೆ ಪುಸ್ತಕ ಮಡಚಿಟ್ಟು ಹೊರಡಬೇಕಾಗಬಹುದು. ಎರಡನೆಯವನು ಜೂನ್ ತನಕ ಕೂತು, ಗೌನು ತೊಟ್ಟು, ಸರ್ಟಿಫಿಕೇಟ್ ಕೈಗೆ ತಗೊಂಡು ಹೊರಡಬಹುದು. ಇಬ್ಬರ ಬುದ್ಧಿ, ಓದು, ಧೈರ್ಯ ಎಲ್ಲ ಒಂದೇ ಇರಬಹುದು. ಬೇರೆ ಇರೋದು ಹುಟ್ಟಿದ ತಾರೀಖು ಮಾತ್ರ.

ಯುದ್ಧಕಾಲದ ಹುಡುಗ ಹುಡುಗಿಯರ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಧೈರ್ಯ, ತ್ಯಾಗ, ಕನಸು ಅಂತ ಶುರು ಮಾಡುತ್ತೇವೆ. ನಿಜ ಹೇಳಬೇಕೆಂದರೆ ನನಗೆ ಆ ಥರದ ಭಾಷಣ ಕೇಳಿದರೆ ಕಿರಿಕಿರಿಯಾಗುತ್ತದೆ. 17 ವರ್ಷದವರ ಆಸೆಗಳು ಯುದ್ಧದಲ್ಲೂ ಹೆಚ್ಚುಕಡಿಮೆ ಅವೇ. ಮುಂದೆ ಓದಬೇಕು, ಕೆಲಸ ಸಿಗಬೇಕು, ಇಷ್ಟವಾದವರ ಜೊತೆ ಒಂದು ಸಂಜೆ ಕುಣಿಯಬೇಕು. ಬದಲಾಗುವುದು ಆಸೆ ಅಲ್ಲ, ಅದಕ್ಕೆ ಸಿಗುವ ದಾರಿ. ಆ ದಾರಿ ತೆರೆದಿಡುವುದು, ಮುಚ್ಚುವುದು ದೊಡ್ಡವರ ಕೈಯಲ್ಲಿ. ಒಂದು ಕಲಂ, ಒಂದು ಪರೀಕ್ಷೆಯ ದಿನಾಂಕ, ಒಂದು ಸೀಟು, ಒಂದು ಸರ್ಟಿಫಿಕೇಟ್. ಇವತ್ತು ನಾನು ಮಾತಾಡೋದು ಈ ಕಾಗದಗಳ ಬಗ್ಗೆ. ಬೋರ್ ಅನ್ನಿಸಬಹುದು, ಸ್ವಲ್ಪ ಸಹಿಸಿಕೊಳ್ಳಿ.

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದವರನ್ನು ಸೀನಿಯರ್ ಅನ್ನುತ್ತಾರೆ. ಹನ್ನೆರಡನೇ ತರಗತಿ, ನಮ್ಮ ಪಿಯುಸಿ ವಯಸ್ಸು. ಆ ಕಾಲದಲ್ಲಿ ಹೈಸ್ಕೂಲ್ ಮುಗಿಸುವುದು ಈಗಿನ ಹಾಗೆ ಮಾಮೂಲಿ ವಿಷಯ ಆಗಿರಲಿಲ್ಲ. 1940ರಲ್ಲಿ 17 ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಹೈಸ್ಕೂಲ್ ಮುಗಿಸುತ್ತಿದ್ದರು. ಆರ್ಥಿಕ ಕುಸಿತದ ಹತ್ತು ವರ್ಷ ಆಗತಾನೇ ಮುಗಿದಿತ್ತು. ಎಷ್ಟೋ ಮನೆಗಳಲ್ಲಿ ಆ ಸರ್ಟಿಫಿಕೇಟ್ ಅಪ್ಪ ಅಮ್ಮ ಇಬ್ಬರ ಹತ್ತಿರವೂ ಇರಲಿಲ್ಲ. ಮನೆಯಲ್ಲಿ ಮೊದಲು ಪಾಸಾಗುವ ಮಗ ಅಥವಾ ಮಗಳು ಅಂದರೆ ಅದರ ತೂಕವೇ ಬೇರೆ.

ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವಂತೆ ಆಗಿದ್ದು 1941ರ ಡಿಸೆಂಬರ್ 7ರಂದು. ಅಂದರೆ 1942ರ ಸೀನಿಯರ್‌ಗಳು ವರ್ಷದ ಅರ್ಧ ಶಾಂತಿಯಲ್ಲಿ, ಅರ್ಧ ಯುದ್ಧದಲ್ಲಿ ಓದಿದವರು. ಅವರು ಶಾಲೆ ಬಿಟ್ಟ ಕೆಲವೇ ವಾರಗಳಲ್ಲಿ, ಜೂನ್ 30ರಂದು, 18ರಿಂದ 20ರ ಹುಡುಗರೆಲ್ಲ ಹೆಸರು ನೋಂದಾಯಿಸಬೇಕಾಯಿತು. ನವೆಂಬರಿನಲ್ಲಿ ಕಾನೂನು ಬದಲಾಯಿತು. ಡಿಸೆಂಬರ್ 5ರಂದು ಇನ್ನೊಂದು ಆದೇಶ ಬಂತು: 18ರಿಂದ 37ರ ಒಳಗಿನವರು ತಾವಾಗಿಯೇ ಹೋಗಿ ಸೇರುವ ಹಾಗಿಲ್ಲ, ಸರ್ಕಾರ ಕರೆದಾಗ ಬರಬೇಕು.

ಇದರ ಪರಿಣಾಮ ವಿಚಿತ್ರವಾಗಿತ್ತು. ನೌಕಾಪಡೆಗೆ ಹೋಗಬೇಕು, ಕಾಲಾಳು ಪಡೆ ಬೇಡ ಅನ್ನುವ ಹುಡುಗನಿಗೆ ಖಾತ್ರಿಯಾಗಿ ಆಯ್ಕೆ ಇದ್ದದ್ದು 17ನೇ ವಯಸ್ಸಿನಲ್ಲಿ ಮಾತ್ರ. ಅದಕ್ಕೆ ಅಪ್ಪ ಅಮ್ಮನ ಸಹಿ ಬೇಕು. ಶಾಲೆ ಮುಗಿಸುತ್ತೇನೆ ಅಂತ ಕಾದರೆ 18 ತುಂಬುತ್ತದೆ, ಆಯ್ಕೆ ಕೈತಪ್ಪಬಹುದು. ಈಗಲೇ ಹೋದರೆ ಸರ್ಟಿಫಿಕೇಟ್ ಹೋಗುತ್ತದೆ. ಅಡುಗೆಮನೆಯ ಮೇಜಿನ ಸುತ್ತ ಎಂಥ ಮಾತುಕತೆ ನಡೆದಿರಬಹುದು ಯೋಚಿಸಿ. ಮಗ ಸಹಿ ಹಾಕು ಅನ್ನುತ್ತಾನೆ. ಅಮ್ಮನಿಗೆ ಎರಡು ಕಡೆಯೂ ಭಯ. ಇಲ್ಲಿ ಯಾರನ್ನು ದೇಶಭಕ್ತ ಅನ್ನೋದು, ಯಾರನ್ನು ಹೇಡಿ ಅನ್ನೋದು?

ಕೆಲವು ಶಾಲೆಗಳು ಈ ಸಂಕಟಕ್ಕೆ ತಾವೇ ಪರಿಹಾರ ಹುಡುಕಿದವು. ಕೊನೆಯ ವರ್ಷದಲ್ಲಿದ್ದು ಸೈನ್ಯ ಸೇರಿದವರಿಗೆ ಮೊದಲೇ ಸರ್ಟಿಫಿಕೇಟ್ ಕೊಟ್ಟವು. ಸಮಾರಂಭದಲ್ಲಿ ಹೆಸರು ಕೂಗಿದಾಗ ಹುಡುಗ ಇಲ್ಲ, ಅವನ ಅಮ್ಮ ಬಂದು ಕಾಗದ ತಗೊಂಡು ಹೋಗುತ್ತಾಳೆ, ಇಂಥದ್ದೂ ನಡೆಯಿತು. ಒಳ್ಳೆಯ ಕೆಲಸ. ಆದರೆ ಎಲ್ಲ ಶಾಲೆಗಳೂ ಹಾಗೆ ಮಾಡಲಿಲ್ಲ.

ಈಗ 1943ರ ಏಪ್ರಿಲ್ 2ಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಕಥೆಯ ಮುಖ್ಯ ದಿನ ಇದು. ಅವತ್ತು ದೇಶದ ಉದ್ದಗಲಕ್ಕೂ ಒಂದು ಪರೀಕ್ಷೆ ನಡೆಯಿತು. ಹೈಸ್ಕೂಲಿನ ಸೀನಿಯರ್‌ಗಳು, ಆಗತಾನೇ ಮುಗಿಸಿದವರು, ಕಾಲೇಜಿನ ಮೊದಲ ವರ್ಷಗಳಲ್ಲಿದ್ದವರು, ಎಲ್ಲ ಸೇರಿ 3 ಲಕ್ಷಕ್ಕೂ ಜಾಸ್ತಿ ಹುಡುಗರು ಬರೆದರು. ಪಾಸಾದರೆ ಭೂಸೇನೆಯ ಅಥವಾ ನೌಕಾಪಡೆಯ ಖರ್ಚಿನಲ್ಲಿ ಕಾಲೇಜು. ಭೂಸೇನೆಯ ಯೋಜನೆಯ ಹೆಸರು ಎಎಸ್‌ಟಿಪಿ, ನೌಕಾಪಡೆಯದು ವಿ-12. ಎಂಜಿನಿಯರಿಂಗ್, ವೈದ್ಯಕೀಯ, ಭಾಷೆಗಳು ಹೀಗೆ ಸೇನೆಗೆ ಬೇಕಾದ ವಿಷಯಗಳ ಓದು. ಯೂನಿಫಾರ್ಮ್ ಹಾಕಿಕೊಂಡೇ ಕ್ಲಾಸಿಗೆ ಹೋಗಬೇಕು. ಬೆಳಿಗ್ಗೆ ಕವಾಯತು, ಆಮೇಲೆ ಕ್ಯಾಲ್ಕುಲಸ್.

ದುಡ್ಡಿಲ್ಲದ ಮನೆಯ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸೆ ಏನಿದೆ ಹೇಳಿ. ಯುದ್ಧ ಇಲ್ಲದಿದ್ದರೆ ಅವನು ಕಾಲೇಜಿನ ಮೆಟ್ಟಿಲು ಹತ್ತುವುದೇ ಕಷ್ಟವಿತ್ತು. ಯುದ್ಧದಿಂದ ಜೀವಕ್ಕೆ ಕುತ್ತು, ಅದೇ ಯುದ್ಧದಿಂದ ಓದು. ಆ ಪೀಳಿಗೆಯವರು ಯುದ್ಧದ ಬಗ್ಗೆ ಮಾತಾಡುವಾಗ ದನಿಯಲ್ಲಿ ಒಂದು ಗೊಂದಲ ಕೇಳುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಈ ಎರಡು ಯೋಜನೆಗಳ ಹಣೆಬರಹ ಒಂದೇ ಆಗಲಿಲ್ಲ. ವಿ-12 ಯುದ್ಧ ಮುಗಿಯುವ ತನಕ ನಡೆಯಿತು. 131 ಕಾಲೇಜುಗಳಲ್ಲಿ 1.25 ಲಕ್ಷ ಹುಡುಗರು ಓದಿದರು. ಭೂಸೇನೆಯದ್ದು ಹಾಗಲ್ಲ. ಯುರೋಪಿನಲ್ಲಿ ದೊಡ್ಡ ದಾಳಿಗೆ ತಯಾರಿ ನಡೆಯುತ್ತಿತ್ತು, ಕಾಲಾಳುಗಳ ಕೊರತೆ ಇತ್ತು. 1944ರ ಫೆಬ್ರವರಿಯಲ್ಲಿ ಸೇನೆ ಎಎಸ್‌ಟಿಪಿಯನ್ನು ಕತ್ತರಿಸಿತು. ಸುಮಾರು 1.10 ಲಕ್ಷ ಹುಡುಗರನ್ನು ಕಾಲೇಜಿನಿಂದ ಎಬ್ಬಿಸಿತು. ಹೆಚ್ಚಿನವರು ಕಾಲಾಳು ಪಡೆಗೆ ಹೋದರು. ಒಂದು ವರ್ಷದ ಹಿಂದೆ ಪರೀಕ್ಷೆ ಬರೆದು ಪಾಸಾಗಿ ಖುಷಿಪಟ್ಟವರು ರೈಫಲ್ ಹಿಡಿದು ಬೆಲ್ಜಿಯಂ, ಜರ್ಮನಿಯ ಹಿಮದಲ್ಲಿ ನಿಂತರು. ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದ ಹೆನ್ರಿ ಕಿಸಿಂಜರ್ ಹೆಸರು ನಿಮಗೆ ಗೊತ್ತು. ಅವರನ್ನೂ ಹೀಗೇ ಲಫಯೆಟ್ ಕಾಲೇಜಿನ ಎಎಸ್‌ಟಿಪಿಯಿಂದ ಎತ್ತಿ 84ನೇ ಕಾಲಾಳು ಡಿವಿಷನ್‌ಗೆ ಹಾಕಿದರು. ಅವರು ವಾಪಸ್ ಬಂದರು, ಹಾರ್ವರ್ಡ್‌ಗೆ ಹೋದರು. ಹೆಸರು ನಮಗೆ ಗೊತ್ತಿಲ್ಲದ ಎಷ್ಟೋ ಮಂದಿ ಬರಲಿಲ್ಲ.

ಸೇನೆಗೆ ಆಗ ಬೇರೆ ದಾರಿ ಇತ್ತೇ ಅಂತ ಸೇನಾ ಇತಿಹಾಸಕಾರರು ಚರ್ಚೆ ಮಾಡಲಿ. 18 ವರ್ಷದವನಿಗೆ ಅರ್ಥವಾದ ಪಾಠ ಮಾತ್ರ ಸರಳ: ಸರ್ಕಾರ ಯುದ್ಧದಲ್ಲಿ ಕೊಟ್ಟ ಮಾತು ಮುಂದಿನ ಆದೇಶ ಬರುವ ತನಕ.

ಹುಡುಗಿಯರ ಕಥೆ ಬೇರೆ, ಅದನ್ನು ಜನ ಕಡಿಮೆ ಹೇಳುತ್ತಾರೆ. 1943ರಲ್ಲಿ ಬೋಲ್ಟನ್ ಕಾಯಿದೆ ಬಂತು. 17ರಿಂದ 35ರ ಒಳಗಿನ, ಹೈಸ್ಕೂಲ್ ಮುಗಿಸಿದ ಯಾವ ಹುಡುಗಿ ಬೇಕಾದರೂ ಕೆಡೆಟ್ ನರ್ಸ್ ಕೋರ್‌ಗೆ ಅರ್ಜಿ ಹಾಕಬಹುದು. ಫೀಸಿಲ್ಲ, ಪುಸ್ತಕ, ಯೂನಿಫಾರ್ಮ್ ಸರ್ಕಾರದ್ದು. ಬೂದು ಬಣ್ಣದ ಕೋಟು, ಭುಜದ ಮೇಲೆ ಕೆಂಪು ಪಟ್ಟಿ, ತಲೆಗೆ ಬೆರೆ ಟೋಪಿ. ಮೊದಲ ಒಂಬತ್ತು ತಿಂಗಳು ಕೈಗೆ ತಿಂಗಳಿಗೆ 15 ಡಾಲರ್, ಆಮೇಲೆ 20, ಕೊನೆಯ ಹಂತದಲ್ಲಿ ಕನಿಷ್ಠ 30. ಇದಕ್ಕೆ ಬದಲಾಗಿ ಯುದ್ಧ ಮುಗಿಯುವ ತನಕ ನರ್ಸಿಂಗ್ ಬಿಡುವುದಿಲ್ಲ ಅಂತ ಮಾತು ಕೊಡಬೇಕು. ಜನಾಂಗ, ಬಣ್ಣ ನೋಡಿ ಬೇಡ ಅನ್ನುವ ಹಾಗಿಲ್ಲ ಅಂತ ಕಾಯಿದೆಯಲ್ಲೇ ಬರೆದಿತ್ತು. ಆ ಕಾಲದ ಅಮೆರಿಕಕ್ಕೆ ಇದು ಸಣ್ಣ ಮಾತಲ್ಲ. ಒಟ್ಟು 1.79 ಲಕ್ಷ ಹುಡುಗಿಯರು ಸೇರಿದರು, 1.24 ಲಕ್ಷ ಮಂದಿ ಓದು ಮುಗಿಸಿದರು. ಸರ್ಟಿಫಿಕೇಟ್ ಇದ್ದರೆ ಮಾತ್ರ ಪ್ರವೇಶ ಎಂಬ ಷರತ್ತಿನಿಂದ ಹುಡುಗಿಯರು ಹೈಸ್ಕೂಲ್ ಮುಗಿಸಲು ಒಂದು ಗಟ್ಟಿ ಕಾರಣ ಸಿಕ್ಕಿತು.

ಯಾಕೆಂದರೆ ಶಾಲೆ ಬಿಡಿಸುವ ಸೆಳೆತ ಬೇರೆ ಕಡೆ ಜೋರಾಗಿತ್ತು. ಯುದ್ಧದ ಕಾರ್ಖಾನೆಗಳು 16–17ರವರಿಗೂ ಒಳ್ಳೆಯ ಸಂಬಳ ಕೊಡುತ್ತಿದ್ದವು. ಯುದ್ಧದ ವರ್ಷಗಳಲ್ಲಿ ದೇಶದ ಹೈಸ್ಕೂಲ್‌ಗಳಲ್ಲಿ ಸುಮಾರು 10 ಲಕ್ಷ ಮಕ್ಕಳು ಕಡಿಮೆಯಾದರು. ಸೈನ್ಯಕ್ಕೆ ಹೋದವರಿಗಿಂತ ಕೆಲಸಕ್ಕೆ ಹೋದವರ ಬಗ್ಗೆಯೇ ಸರ್ಕಾರಕ್ಕೆ ಜಾಸ್ತಿ ಚಿಂತೆ. 1944ರಲ್ಲಿ ಮರಳಿ ಶಾಲೆಗೆ ಬನ್ನಿ ಅಂತ ದೊಡ್ಡ ಪ್ರಚಾರವನ್ನೇ ನಡೆಸಬೇಕಾಯಿತು. ಒಂದು ಇಲಾಖೆ ಕೆಲಸಕ್ಕೆ ಬನ್ನಿ ಅನ್ನುತ್ತದೆ, ಇನ್ನೊಂದು ಶಾಲೆಗೆ ಬನ್ನಿ ಅನ್ನುತ್ತದೆ!

ಇನ್ನು ಮುಳ್ಳುತಂತಿಯ ಒಳಗೆ ಶಾಲೆ ಮುಗಿಸಿದವರು. 1942ರ ಫೆಬ್ರವರಿ 19ರಂದು ಅಧ್ಯಕ್ಷರು ಹೊರಡಿಸಿದ ಆದೇಶದ ನಂತರ ಪಶ್ಚಿಮ ಕರಾವಳಿಯ ಸುಮಾರು 1.20 ಲಕ್ಷ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಆ ವಸಂತದಲ್ಲಿ ಸೀನಿಯರ್ ಆಗಿದ್ದವರಿಗೆ ಪದವಿ ಸಮಾರಂಭಕ್ಕೆ ಇನ್ನು ಕೆಲವೇ ವಾರ ಬಾಕಿ ಇದ್ದವು. ಹೊರಡಿ ಅಂದರು. ತಮ್ಮ ತರಗತಿಯವರು ಗೌನು ತೊಟ್ಟು ನಿಂತ ದಿನ ಇವರು ಕುದುರೆ ರೇಸಿನ ಮೈದಾನಗಳಲ್ಲಿ, ಲಾಯಗಳನ್ನೇ ಕೋಣೆ ಮಾಡಿದ ಕಡೆ ಇದ್ದರು.

ಶಿಬಿರಗಳಲ್ಲಿ ಮೊದಲ ದಿನಗಳಲ್ಲಿ ಬೆಂಚು ಇಲ್ಲ, ನೆಲದ ಮೇಲೆ ಪಾಠ. ಆದರೂ ಒಂದೆರಡು ವರ್ಷದಲ್ಲಿ ಅಲ್ಲೂ ಬ್ಯಾಂಡ್, ನಾಟಕ, ಇಯರ್‌ಬುಕ್ (ವಿದ್ಯಾರ್ಥಿಗಳ ಫೋಟೋ ಹಾಕಿ ಶಾಲೆ ತರುವ ವಾರ್ಷಿಕ ಪುಸ್ತಕ) ಎಲ್ಲ ಶುರುವಾಯಿತು. ಕ್ಯಾಲಿಫೋರ್ನಿಯಾದ ಮಾಂಜನಾರ್ ಶಿಬಿರದಲ್ಲಿ ತೋಯೋ ಮಿಯತಾಕೆ ಅನ್ನುವ ಫೋಟೋಗ್ರಾಫರ್ ಇದ್ದರು. ಲಾಸ್ ಏಂಜಲೀಸ್‌ನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವರು. ಜಪಾನಿ ಮೂಲದವರು ಕ್ಯಾಮೆರಾ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವರು ಒಂದು ಲೆನ್ಸು, ಫಿಲ್ಮ್ ಹಿಡಿಸುವ ಚೌಕಟ್ಟು ಕದ್ದು ತಂದಿದ್ದರು. ಶಿಬಿರದ ಬಡಗಿಯೊಬ್ಬರು ಮರದ ಪೆಟ್ಟಿಗೆ ಮಾಡಿಕೊಟ್ಟರು. ಕ್ಯಾಮೆರಾ ತಯಾರು. ಆಮೇಲೆ ಅಧಿಕಾರಿಗಳಿಗೆ ಗೊತ್ತಾಗಿ, ಅವರನ್ನೇ ಶಿಬಿರದ ಫೋಟೋಗ್ರಾಫರ್ ಮಾಡಿದರು. ಆದರೆ ಷರತ್ತು ನೋಡಿ: ಮಿಯತಾಕೆ ಕ್ಯಾಮೆರಾ ಹೊಂದಿಸಬಹುದು, ಬಟನ್ ಒತ್ತಲು ಮಾತ್ರ ಒಬ್ಬ ಬಿಳಿಯ ಸಿಬ್ಬಂದಿ ಬೇಕು! ಆ ಷರತ್ತೂ ಕೆಲವು ಕಾಲದ ಮೇಲೆ ಬಿದ್ದುಹೋಯಿತು. ಆ ಶಾಲೆಯ ಇಯರ್‌ಬುಕ್ಕಿಗೆ ಸೀನಿಯರ್‌ಗಳ ಫೋಟೋ ತೆಗೆದವರು ಇವರು. ಕೂದಲು ನೀಟಾಗಿ ಬಾಚಿ, ಒಳ್ಳೆಯ ಬಟ್ಟೆ ಹಾಕಿ ಕೂತ ಮಕ್ಕಳು. ಮುಖಗಳನ್ನಷ್ಟೇ ನೋಡಿದರೆ ಯಾವುದೋ ಸಾಮಾನ್ಯ ಊರಿನ ಹೈಸ್ಕೂಲು ಅಂದುಕೊಳ್ಳಬೇಕು.

1944ರ ಜನವರಿಯಲ್ಲಿ ಶಿಬಿರದ ಹುಡುಗರನ್ನೂ ಸೈನ್ಯಕ್ಕೆ ಕಡ್ಡಾಯವಾಗಿ ಕರೆಯಲು ಶುರು ಮಾಡಿದರು. ಮುಳ್ಳುತಂತಿಯ ಒಳಗೆ ಹೈಸ್ಕೂಲ್ ಮುಗಿಸಿದವನಿಗೆ ದೇಶ ಕಾಯಲು ಪತ್ರ. ಹಲವರು ಹೋದರು. ಹಾರ್ಟ್ ಮೌಂಟನ್ ಶಿಬಿರದ ಕೆಲವರು ‘ಮೊದಲು ನಮ್ಮ ಮನೆಯವರನ್ನು ಬಿಡಿ, ಆಮೇಲೆ ಬರುತ್ತೇವೆ’ ಅಂದರು. ಅವರಲ್ಲಿ 63 ಮಂದಿಗೆ ಒಂದೇ ವಿಚಾರಣೆಯಲ್ಲಿ ಜೈಲಾಯಿತು. 1947ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಕ್ಷಮೆ ಕೊಟ್ಟರು. ನನ್ನನ್ನು ಕೇಳಿದರೆ ಹೋದವರೂ ಸರಿ, ಹೋಗಲ್ಲ ಅಂದವರೂ ಸರಿ.

ಇದೇ ಹೊತ್ತಿನಲ್ಲಿ ಹೊರಗೆ ಒಂದಷ್ಟು ಜನ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದರು. ಕಾಲೇಜು ಪ್ರೊಫೆಸರ್‌ಗಳು, ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಸೇರಿ 1942ರ ಮೇನಲ್ಲಿ ಒಂದು ಮಂಡಳಿ ಕಟ್ಟಿದರು. ಶಿಬಿರದ ಮಕ್ಕಳಿಗೆ ಕರಾವಳಿಯಿಂದ ದೂರದ ಕಾಲೇಜುಗಳಲ್ಲಿ ಸೀಟು ಹುಡುಕುವುದೇ ಅವರ ಕೆಲಸ. ಸೀಟು ಸಿಕ್ಕರೆ ಆ ಊರಿನವರು ಒಪ್ಪಬೇಕು, ಸರ್ಕಾರ ಒಪ್ಪಬೇಕು, ಬಸ್ ಚಾರ್ಜಿಗೆ ದುಡ್ಡು ಬೇಕು. ಹೀಗೆ ಪತ್ರ ಬರೆದು ಬರೆದು 4,000ಕ್ಕೂ ಹೆಚ್ಚು ಮಂದಿಯನ್ನು ಶಿಬಿರದಿಂದ ಕಾಲೇಜಿಗೆ ಕಳಿಸಿದರು. ವೇದಿಕೆ ಹತ್ತಿ ಭಾಷಣ ಮಾಡುವವರಿಗಿಂತ ಇಂಥವರ ಮೇಲೆ ನನಗೆ ಗೌರವ ಜಾಸ್ತಿ.

ಓದು ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ ಹೋದವರ ಗತಿ? 1942ರಲ್ಲೇ ಅವರಿಗೆಂದು ಒಂದು ಪರೀಕ್ಷೆ ತಯಾರಾಯಿತು. ಜಿಇಡಿ. ಶಾಲೆಗೆ ಮರಳಿ ಹೋಗದೆ, ಹೈಸ್ಕೂಲ್ ಮುಗಿಸಿದವರಿಗೆ ಇರುವಷ್ಟು ತಿಳಿವಳಿಕೆ ತನಗೂ ಇದೆ ಅಂತ ತೋರಿಸುವ ಪರೀಕ್ಷೆ. ಇವತ್ತೂ ಅಮೆರಿಕದಲ್ಲಿ ಶಾಲೆ ಬಿಟ್ಟವರು ಬರೆಯುವ ಪರೀಕ್ಷೆ ಇದೇ. ಅದು ಹುಟ್ಟಿದ್ದು ಯುದ್ಧಕ್ಕೆ ಹೋದ ಹುಡುಗರಿಗಾಗಿ ಅನ್ನೋದು ಅದನ್ನು ಬರೆಯುವ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. 1944ರ ಜೂನ್ 22ರಂದು ಜಿಐ ಬಿಲ್ ಬಂತು. ವಾಪಸ್ ಬಂದವರಿಗೆ ವರ್ಷಕ್ಕೆ 500 ಡಾಲರ್ ತನಕ ಫೀಸು, ಮೇಲೆ ತಿಂಗಳ ಖರ್ಚು. ಸುಮಾರು 22 ಲಕ್ಷ ಮಂದಿ ಅದರಿಂದ ಕಾಲೇಜಿಗೆ ಹೋದರು. ಕಪ್ಪು ಜನರಿಗೆ, ಅದರಲ್ಲೂ ದಕ್ಷಿಣದ ರಾಜ್ಯಗಳವರಿಗೆ, ಕಾಗದದ ಮೇಲೆ ಇದ್ದ ಈ ಹಕ್ಕು ಕೈಗೆ ಸರಿಯಾಗಿ ಸಿಗಲಿಲ್ಲ. ಬಿಳಿಯರ ಕಾಲೇಜುಗಳು ಬಾಗಿಲು ತೆಗೆಯಲಿಲ್ಲ, ಕಪ್ಪು ಜನರ ಕಾಲೇಜುಗಳಲ್ಲಿ ಜಾಗ ಸಾಲಲಿಲ್ಲ.

ವಿಯೆಟ್ನಾಂ ಯುದ್ಧದ ಬಗ್ಗೆ ಒಂದೇ ದೃಶ್ಯ ಹೇಳಿ ಮುಂದೆ ಹೋಗುತ್ತೇನೆ. 1969ರ ಡಿಸೆಂಬರ್ 1, ವಾಷಿಂಗ್ಟನ್. ಟಿವಿ ಕ್ಯಾಮೆರಾಗಳ ಮುಂದೆ ಒಂದು ಗಾಜಿನ ಪಾತ್ರೆ. ಅದರೊಳಗೆ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು, ಪ್ರತಿಯೊಂದರಲ್ಲೂ ಒಂದು ತಾರೀಖು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರನ್ನು ಎಲ್ಲರಿಗಿಂತ ಮೊದಲು ಕರೆಯುತ್ತಾರೆ ಅಂತ ಅರ್ಥ. 1942ರ ಕಲಂನಲ್ಲಿ ಹುಟ್ಟಿದ ತಾರೀಖು ಒಳಗೊಳಗೇ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎಲ್ಲರ ಎದುರಿಗೇ ಲಾಟರಿ ಎತ್ತಿ ಮಾಡಿದರು. ಗುಳಿಗೆಗಳನ್ನು ಸರಿಯಾಗಿ ಕಲಸಿರಲಿಲ್ಲ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಅನ್ಯಾಯವಾಯಿತು ಅಂತ ಅಂಕಿಸಂಖ್ಯೆ ಬಲ್ಲವರು ಆಮೇಲೆ ತೋರಿಸಿದರು. ಕಾಲೇಜಿನಲ್ಲಿ ಸೀಟಿದ್ದವನಿಗೆ ಆಗ ವಿನಾಯಿತಿ ಇತ್ತು. ಹಾಗಾಗಿ ಶಾಲೆ ಮುಗಿಸುವ ಹುಡುಗನಿಗೆ ಕಾಲೇಜು ಓದಿನ ಆಸೆಯೂ ಹೌದು, ಪ್ರಾಣ ಉಳಿಸಿಕೊಳ್ಳುವ ದಾರಿಯೂ ಹೌದು. ಫೀಸು ಕಟ್ಟಲಾಗದವನು ಯುದ್ಧಕ್ಕೆ ಹೋದ. ಇನ್ನೊಂದು ವಿಷಯ. ಸಾಯಲು ಕಳಿಸಬಹುದಾದ ವಯಸ್ಸು 18, ಓಟು ಹಾಕುವ ವಯಸ್ಸು ಬಹುತೇಕ ರಾಜ್ಯಗಳಲ್ಲಿ 21. ಅದನ್ನು ಸರಿಪಡಿಸಿದ್ದು 1971ರಲ್ಲಿ.

ಈಗ ನಮ್ಮ ಕಾಲಕ್ಕೆ ಬರೋಣ. ಉಕ್ರೇನ್.

ಅಲ್ಲಿ ಮೇ ಕೊನೆಯಲ್ಲಿ ‘ಕೊನೆಯ ಗಂಟೆ’ ಅನ್ನುವ ಶಾಲಾ ಹಬ್ಬ ಇದೆ. ಕೊನೆಯ ತರಗತಿಯ ಹುಡುಗನೊಬ್ಬ ಒಂದನೇ ಕ್ಲಾಸಿನ ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತುತ್ತಾನೆ, ಅವಳು ಕೈಯಲ್ಲಿ ಗಂಟೆ ಹಿಡಿದು ಬಾರಿಸುತ್ತಾಳೆ. ಆಮೇಲೆ ವಾಲ್ಟ್ಜ್ ಕುಣಿತ. ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. 2022ರ ಫೆಬ್ರವರಿ 24ರಂದು ರಷ್ಯಾದ ದಾಳಿ ಜೋರಾದಾಗ ಆ ವರ್ಷದ ಮಕ್ಕಳು ಈ ಅಭ್ಯಾಸದ ನಡುವೆಯೇ ಇದ್ದರು. ಜೂನ್‌ನಲ್ಲಿ ಖಾರ್ಕಿವ್ ನಗರದಲ್ಲಿ, ಸುಟ್ಟು ಕುಸಿದ 134ನೇ ಶಾಲೆಯ ಮುಂದೆ, ಕೆಲವರು ಬಂದು ಆ ವಾಲ್ಟ್ಜ್ ಕುಣಿದರು. ಆ ಫೋಟೋಗಳು ಜಗತ್ತೆಲ್ಲ ಓಡಾಡಿದವು. ನೀವೂ ನೋಡಿರಬಹುದು.

ಫೋಟೋ ನೋಡಿ ಕಣ್ಣು ತೇವ ಮಾಡಿಕೊಳ್ಳುವುದು ಸುಲಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ ಬೇಸಿಗೆಯಲ್ಲಿ ನಡೆದ ಪರೀಕ್ಷೆ. ಅಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಮೊದಲು ಬೇರೆ ಬೇರೆ ದಿನ, ಬೇರೆ ಬೇರೆ ವಿಷಯಗಳ ದೊಡ್ಡ ಪರೀಕ್ಷೆ ಇತ್ತು. ಯುದ್ಧದಲ್ಲಿ ಅದು ಆಗದ ಮಾತು. ಕೆಲವೇ ತಿಂಗಳಲ್ಲಿ ಅದರ ಬದಲು ಎನ್‌ಎಂಟಿ ಅನ್ನುವ ಹೊಸ ಪರೀಕ್ಷೆ ಮಾಡಿದರು. ಒಂದೇ ದಿನ, ಕಂಪ್ಯೂಟರ್ ಮುಂದೆ, ಮೂರು ವಿಷಯ: ಉಕ್ರೇನಿಯನ್ ಭಾಷೆ, ಗಣಿತ, ದೇಶದ ಇತಿಹಾಸ. ಕೇಂದ್ರದ ಹತ್ತಿರ ಆಶ್ರಯತಾಣ ಇರಲೇಬೇಕು. ಸೈರನ್ ಮೊಳಗಿದರೆ ಪರೀಕ್ಷೆ ನಿಲ್ಲುತ್ತದೆ, ಎಲ್ಲರೂ ಕೆಳಗೆ ಇಳಿಯುತ್ತಾರೆ. ಅಪಾಯ ಕಳೆದ ಮೇಲೆ ಬಂದು ಮುಂದುವರಿಸುತ್ತಾರೆ. ತುಂಬ ಹೊತ್ತಾದರೆ ಇನ್ನೊಂದು ದಿನ. ದೇಶ ಬಿಟ್ಟು ಹೋದ ಮಕ್ಕಳಿಗೆ ಯುರೋಪಿನ ನಗರಗಳಲ್ಲೂ ಕೇಂದ್ರ ತೆರೆದರು. 2024ರ ಹೊತ್ತಿಗೆ ವಿಷಯ ನಾಲ್ಕಾಯಿತು, ನಾಲ್ಕು ಗಂಟೆ, ನಡುವೆ 20 ನಿಮಿಷ ಬಿಡುವು.

ಒಬ್ಬಳು ವಿದ್ಯಾರ್ಥಿನಿಯ ಜಾಗದಲ್ಲಿ ನಿಂತು ನೋಡಿ. ಗಣಿತದ ಲೆಕ್ಕ ಅರ್ಧ ಆಗಿದೆ. ಸೈರನ್. ಪೆನ್ನು ಕೆಳಗಿಟ್ಟು ನೆಲಮಾಳಿಗೆಗೆ ಹೋಗಿ ಮುಕ್ಕಾಲು ಗಂಟೆ ಕೂರುತ್ತೀರಿ. ಊರಿನ ಯಾವ ಕಡೆ ಬಿತ್ತೋ ಅಂತ ತಲೆಯಲ್ಲಿ ಓಡುತ್ತಿರುತ್ತದೆ. ವಾಪಸ್ ಬಂದು ಅದೇ ಲೆಕ್ಕ. ಆದರೂ ಪರೀಕ್ಷೆ ಇದೆ ಅನ್ನೋದು ಅವಳಿಗೆ ಒಂದು ಆಸರೆ. ಪರೀಕ್ಷೆ ಇದೆ ಅಂದರೆ ಸೆಪ್ಟೆಂಬರಿನಲ್ಲಿ ಒಂದು ಸೀಟು ಇದೆ ಅಂತ ಯಾರೋ ಲೆಕ್ಕ ಹಾಕಿದ್ದಾರೆ. ಖಾರ್ಕಿವ್‌ನಲ್ಲಿ 2023ರ ಸೆಪ್ಟೆಂಬರಿನಿಂದ ಮೆಟ್ರೋ ಸ್ಟೇಷನ್‌ಗಳೊಳಗೆ ತರಗತಿ ಕಟ್ಟಿ ಪಾಠ ನಡೆಸಿದರು, 2024ರಲ್ಲಿ ಪೂರ್ತಿ ನೆಲದಡಿಯಲ್ಲೇ ಒಂದು ಶಾಲೆ ತೆರೆದರು. ರಷ್ಯಾ ಹಿಡಿದ ಪ್ರದೇಶಗಳಲ್ಲಿ ಉಳಿದ ಮಕ್ಕಳು ಉಕ್ರೇನಿನ ಕಾಲೇಜು ಸೇರಲು ಸರಳ ದಾರಿ ಇರಲಿ ಅಂತ 2016ರಲ್ಲೇ ‘ಕ್ರೈಮಿಯಾ-ಉಕ್ರೇನ್’, ‘ದೋನ್ಬಾಸ್-ಉಕ್ರೇನ್’ ಅನ್ನುವ ಕೇಂದ್ರಗಳನ್ನು ಮಾಡಿದ್ದರು, ಅವು ಈಗ ಇನ್ನೂ ಜಾಸ್ತಿ ಬೇಕಾದವು.

ಇಲ್ಲೂ ಹುಟ್ಟಿದ ತಾರೀಖು ಬಂದೇ ಬರುತ್ತದೆ. ಯುದ್ಧ ಜೋರಾದ ದಿನದಿಂದ 18ರಿಂದ 60ರ ಗಂಡಸರು, ಕೆಲವು ವಿನಾಯಿತಿ ಬಿಟ್ಟರೆ, ದೇಶ ಬಿಡುವ ಹಾಗಿರಲಿಲ್ಲ. ಆದರೆ ಮುಂಚೂಣಿಗೆ ಕಡ್ಡಾಯವಾಗಿ ಕರೆಯುವ ವಯಸ್ಸು ಮೊದಲು 27 ಇತ್ತು, 2024ರ ಏಪ್ರಿಲ್‌ನಲ್ಲಿ 25 ಆಯಿತು. ಅಂದರೆ ಆಗ 18ರ ಹುಡುಗನನ್ನು ಕರೆಯುತ್ತಲೂ ಇರಲಿಲ್ಲ, ಹೊರಗೆ ಬಿಡುತ್ತಲೂ ಇರಲಿಲ್ಲ. ಇದರಿಂದ 17 ತುಂಬಿದ ಹುಡುಗರ ಮನೆಗಳಲ್ಲಿ ಲೆಕ್ಕಾಚಾರ ಶುರುವಾಯಿತು. ಹುಟ್ಟುಹಬ್ಬಕ್ಕೆ ಮೊದಲು ಗಡಿ ದಾಟಿಸಬೇಕೇ? ಶಾಲೆ ಮುಗಿಯಲು ಎರಡು ತಿಂಗಳಿದ್ದರೆ? ಎಷ್ಟೋ ಹುಡುಗರು ಶಾಲೆ ಮುಗಿಯುವ ಮೊದಲೇ ಹೋದರು, ಬೇರೆ ದೇಶದಿಂದ ಆನ್‌ಲೈನ್‌ನಲ್ಲಿ ಪಾಠ ಮುಗಿಸಿದರು. 2025ರ ಫೆಬ್ರವರಿಯಲ್ಲಿ ಸರ್ಕಾರ 18ರಿಂದ 24ರವರಿಗೆ ಹೊಸ ಒಪ್ಪಂದ ಮುಂದಿಟ್ಟಿತು: ಒಂದು ವರ್ಷ ಸೇನೆಯಲ್ಲಿ ಇದ್ದರೆ 10 ಲಕ್ಷ ಹ್ರಿವ್ನಿಯಾ (ಅಲ್ಲಿನ ನಾಣ್ಯ), ಬಡ್ಡಿಯಿಲ್ಲದ ಮನೆ ಸಾಲ, ಸರ್ಕಾರದ ಖರ್ಚಿನಲ್ಲಿ ಓದು. ಆಗಸ್ಟ್‌ನಲ್ಲಿ 18ರಿಂದ 22ರವರಿಗೆ ಗಡಿ ತೆರೆಯಿತು. ಹೋಗಲು ಬಿಟ್ಟರೆ ಹುಡುಗರು ಸಂಬಂಧ ಉಳಿಸಿಕೊಳ್ಳುತ್ತಾರೆ, ಮುಂದೆ ಮರಳಿ ಬರುತ್ತಾರೆ ಅನ್ನೋದು ಸರ್ಕಾರದ ಎಣಿಕೆ. ಬರುತ್ತಾರೋ ಇಲ್ಲವೋ, 17ರಲ್ಲೇ ಓಡಿಸುವ ಆತುರಕ್ಕೆ ಇದು ಕಡಿವಾಣ ಹಾಕಿತು ಅನ್ನೋದು ನನ್ನ ಅನಿಸಿಕೆ.

ಪರೀಕ್ಷೆಯೇ ನಡೆಯದಿದ್ದರೆ ಏನಾಗುತ್ತದೆ ಅನ್ನೋದನ್ನು ನೋಡಲು ಗಾಜಾ ಕಡೆ ನೋಡಬೇಕು. ಪ್ಯಾಲೆಸ್ತೀನಿನಲ್ಲಿ ಶಾಲೆಯ ಕೊನೆಯ ಪರೀಕ್ಷೆಗೆ ತೌಜೀಹಿ ಅನ್ನುತ್ತಾರೆ. ಫಲಿತಾಂಶ ಬಂದ ದಿನ ಬೀದಿಯಲ್ಲಿ ಪಟಾಕಿ, ಮನೆಯಲ್ಲಿ ಸಿಹಿ. 2024ರ ಜೂನ್‌ನಲ್ಲಿ ವೆಸ್ಟ್ ಬ್ಯಾಂಕಿನಲ್ಲಿ ಪರೀಕ್ಷೆ ನಡೆಯಿತು, ಗಾಜಾದ ಸುಮಾರು 39,000 ಮಕ್ಕಳು ಬರೆಯಲಾಗಲಿಲ್ಲ. ಶಾಲೆಗಳು ಒಂದೋ ನಾಶ, ಇಲ್ಲವೇ ನಿರಾಶ್ರಿತರಿಂದ ತುಂಬಿದ್ದವು. 2025ರ ಜುಲೈನಲ್ಲಿ ಸುಮಾರು 1,500 ಮಕ್ಕಳಿಗೆ ಫೋನು, ಲ್ಯಾಪ್‌ಟಾಪ್ ಮೇಲೆ ಪರೀಕ್ಷೆ ಮಾಡಿದರು. ಚಾರ್ಜ್ ಎಲ್ಲಿ, ನೆಟ್‌ವರ್ಕ್ ಎಲ್ಲಿ ಅಂತ ಹುಡುಕಿ ಹೋಗಿ ಬರೆದವರು. ವೈದ್ಯಳಾಗಬೇಕು ಅಂದುಕೊಂಡ ಹುಡುಗಿಗೆ ಆಸೆ ಹೋಗಿರುವುದಿಲ್ಲ. ಅವಳ ಕೈಯಲ್ಲಿ ಅರ್ಜಿಗೆ ಲಗತ್ತಿಸುವ ಕಾಗದ ಇಲ್ಲ, ಅಷ್ಟೇ. ಆ ‘ಅಷ್ಟೇ’ ಒಳಗೆ ಎರಡು ವರ್ಷ ಹೋಗಿದೆ.

ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು.

ಹಿರಿಯರೊಬ್ಬರು ಕೇಳಿದರು: ‘ಸರ್, ಓದು ಬಿಟ್ಟು ಹೋದವರಿಗೆ, ಶಿಬಿರಕ್ಕೆ ಹೋದವರಿಗೆ ಕೊನೆಗೂ ಆ ಸರ್ಟಿಫಿಕೇಟ್ ಸಿಕ್ಕಿತಾ?’ ಸಿಕ್ಕಿತು, ತುಂಬ ತಡವಾಗಿ. ಯುದ್ಧಕ್ಕೆಂದು ಶಾಲೆ ಬಿಟ್ಟವರಿಗೆ ಹೈಸ್ಕೂಲ್ ಸರ್ಟಿಫಿಕೇಟ್ ಕೊಡಲು ಅಮೆರಿಕದ ಹಲವು ರಾಜ್ಯಗಳು ಅರ್ಧ ಶತಮಾನದ ಮೇಲೆ ವ್ಯವಸ್ಥೆ ಮಾಡಿದವು. 2003ರಲ್ಲಿ ಕ್ಯಾಲಿಫೋರ್ನಿಯಾ, ಶಿಬಿರಕ್ಕೆ ಕಳಿಸಿದ್ದರಿಂದ ಓದು ಕಳೆದುಕೊಂಡವರಿಗೂ ಕೊಡಬಹುದು ಅಂತ ಕಾನೂನು ಮಾಡಿತು. ಎಂಬತ್ತು ದಾಟಿದವರು ಗೌನು ತೊಟ್ಟು ಮೊಮ್ಮಕ್ಕಳ ಎದುರು ಹೆಸರು ಕೂಗಿಸಿಕೊಂಡರು. ಅದರಿಂದ ಕೆಲಸ ಸಿಗುವುದಿಲ್ಲ, ಕಾಲೇಜು ಸಿಗುವುದಿಲ್ಲ. ಅಷ್ಟಾದರೂ ಬಂದು ತಗೊಂಡರು. ಯಾಕೆ ತಗೊಂಡರು ಅಂತ ನೀವು ಕೇಳುವುದಿಲ್ಲ ಅಂದುಕೊಂಡಿದ್ದೇನೆ.

ಇನ್ನೊಂದು ಪ್ರಶ್ನೆ ಕಾಲೇಜು ಹುಡುಗಿಯದು, ಸ್ವಲ್ಪ ಖಾರವಾಗಿತ್ತು. ‘ಖಾರ್ಕಿವ್‌ನಲ್ಲಿ ಸೈರನ್ ನಡುವೆ ಬರೆದವಳಿಗೂ ವಾರ್ಸಾದಲ್ಲಿ ಶಾಂತಿಯಾಗಿ ಕೂತು ಬರೆದವಳಿಗೂ ಒಂದೇ ಥರದ ಪರೀಕ್ಷೆ. ಇದು ನ್ಯಾಯ ಅಲ್ವಲ್ಲ?’ ಅಲ್ಲ. ಉಕ್ರೇನಿನವರಿಗೂ ಅದು ಗೊತ್ತು. ಸೀಟು ಹಂಚುವಾಗ ಅವರು ಅಂಕವನ್ನು ಒಂದು ಪ್ರಾದೇಶಿಕ ಗುಣಕದಿಂದ ಗುಣಿಸುತ್ತಾರೆ. ಮುಂಚೂಣಿಗೆ ಹತ್ತಿರದ ಪ್ರದೇಶಗಳ ಕಾಲೇಜು ಆರಿಸಿಕೊಂಡವರಿಗೆ ಅದು ಹೆಚ್ಚು, ಕೀವ್ ನಗರಕ್ಕೆ ಕಡಿಮೆ. ಆದರೆ ಗಮನಿಸಿ, ಆ ಲಾಭ ಸಿಗುವುದು ಎಲ್ಲಿ ಬರೆದೆ ಅನ್ನೋದಕ್ಕಲ್ಲ, ಎಲ್ಲಿ ಓದಲು ಹೋಗುತ್ತೀ ಅನ್ನೋದಕ್ಕೆ. ಖಾರ್ಕಿವ್‌ನ ವಿಶ್ವವಿದ್ಯಾಲಯಗಳು ಖಾಲಿಯಾಗಬಾರದು ಅನ್ನೋದು ಅದರ ಉದ್ದೇಶ. ನೆಲಮಾಳಿಗೆಯಲ್ಲಿ ಕಳೆದ ಮುಕ್ಕಾಲು ಗಂಟೆಗೆ ಎಷ್ಟು ಅಂಕ ಕೊಡಬೇಕು? ಅದಕ್ಕೆ ನನಗೂ ಉತ್ತರ ಹೊಳೆಯಲಿಲ್ಲ. ಆ ಹುಡುಗಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳಂತೆ. ‘ಲೆಕ್ಕ ಹಾಕಬಹುದು ಸರ್, ಸೈರನ್ ಹೊಡೆದ ಸಮಯ ಎಲ್ಲ ದಾಖಲಾಗಿರುತ್ತಲ್ಲ’ ಅಂದಳು. ಹಾಕಿ ನೋಡಮ್ಮ ಅಂದೆ.